ಅಮ್ಮನ ತಲೆಸುತ್ತು ಕಿವಿಯದ್ದಾಗಿತ್ತು: ಒಳಕಿವಿಯ ಬ್ಯಾಲೆನ್ಸ್ ಯಾವ ವಯಸ್ಸಲ್ಲಿ ಕೈಕೊಡುತ್ತೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ರಾಮನಗರದಿಂದ ಬೆಂಗಳೂರಿಗೆ ರೈಲಲ್ಲಿ ನಿಂತ್ಕೊಂಡೇ ಹೋಗ್ತಿರೋರಿಗೆ, ಕನಕಪುರ ರೋಡಿನ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರೋರಿಗೆ, ಮಾಗಡಿ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿರೋ ಅದೃಷ್ಟವಂತರಿಗೆ, ನಮ್ಮ ಚನ್ನಪಟ್ಟಣದೋರಿಗೆ, ಎಲ್ಲರಿಗೂ ಸ್ವಾಗತ.

ಶುರು ಮಾಡೋಕ್ಕೆ ಮುಂಚೆ ಒಂದು ಸಣ್ಣ ಕೆಲಸ. ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿದ್ರೆ ಒಂದೊಂದಾಗಿ ತೆಗೆದು ಕೇಳಿ. ಬಲಗಡೆ, ಎಡಗಡೆ. ಎರಡರಲ್ಲೂ ನನ್ನ ದನಿ ಒಂದೇ ಥರ ಕೇಳ್ತಿದ್ಯಾ? ಸರಿ. ಇದನ್ನ ಯಾಕೆ ಮಾಡಿಸ್ದೆ ಅಂತ ಇನ್ನೊಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ನಾನು ಓದಿರೋದು ಬಿ.ಕಾಂ. ಡಾಕ್ಟರ್ ಅಲ್ಲ. ಹಾಗಾಗಿ ಇವತ್ತಿನ ಸಂಚಿಕೆನ ವೈದ್ಯರ ಸಲಹೆ ಅಂತ ತಗೋಬೇಡಿ. ನಮ್ಮ ಮನೆಯಲ್ಲಿ ಎರಡು ವರ್ಷ ತಪ್ಪು ಕಾಲಂನಲ್ಲಿ ಬರೆದಿಟ್ಟಿದ್ದ ಒಂದು ಎಂಟ್ರಿಯ ಕಥೆ, ಅದರಿಂದ ನಾನು ಕಲಿತಿದ್ದು, ಅಷ್ಟೆ.

ಅಮ್ಮನ ಇಯರ್‌ಫೋನ್

ನಮ್ಮಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಮಾಡ್ತಾಳೆ. ಲೇತ್ ಮುಂದೆ ಕೂತು ಮರದ ತುಂಡಿಗೆ ಉಳಿ ಕೊಟ್ಟು, ಬಣ್ಣದ ಅರಗು ಒತ್ತೋ ಕೆಲಸ. ಮರ ಸುತ್ತೋ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತೆ. ಅವಳ ಕೈಯಲ್ಲಿ ದಿನಕ್ಕೆ ಎಷ್ಟು ಬುಗುರಿ ತಯಾರಾಗ್ತವೋ ಅವಳಿಗೇ ಲೆಕ್ಕ ಇಲ್ಲ.

2023ರಲ್ಲಿ ಒಂದಿನ ಮಧ್ಯಾಹ್ನ ಕೆಲಸದ ನಡುವೆ ಉಳಿ ಕೆಳಗಿಟ್ಟು ಗೋಡೆ ಹಿಡ್ಕೊಂಡು ಕೂತ್ಬಿಟ್ಲು. ಆಮೇಲೆ ಮನೆಗೆ ಬಂದು ಹೇಳಿದ್ದು ಇಷ್ಟು: "ಬುಗುರಿ ನಿಂತದೆ, ನಾನೇ ತಿರುಗ್ತಾ ಇದ್ದೀನಿ ಅನ್ನಿಸ್ತು ಕಣೋ ಮಗ." ಎರಡು ಮೂರು ಗಂಟೆ ಕಣ್ಣು ಬಿಡೋಕಾಗ್ಲಿಲ್ಲ. ವಾಂತಿ. ಸಂಜೆ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಂಗೆ ಎದ್ದು ಮುದ್ದೆ ತಿರುವಿದ್ಲು.

ಅಜ್ಜಿ ಹೇಳಿದ್ರು, ಪಿತ್ತ ನೆತ್ತಿಗೇರಿದೆ, ನಿಂಬೆಹಣ್ಣು ಜೀರಿಗೆ ಕೊಡು. ಚಿಕ್ಕಮ್ಮ ಹೇಳಿದ್ರು, ಮುಟ್ಟು ನಿಲ್ಲೋ ವಯಸ್ಸಲ್ವಾ, ಹಂಗೇ. ಪಕ್ಕದ ಮನೆಯೋರು ದೃಷ್ಟಿ ತೆಗೆಸಿ ಅಂದ್ರು. ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಬಿಪಿ ನೋಡಿ, ಸ್ವಲ್ಪ ಜಾಸ್ತಿ ಇದೆ, ವೀಕ್‌ನೆಸ್ಸು ಅಂತ ಒಂದು ತಲೆಸುತ್ತಿನ ಮಾತ್ರೆ ಬರೆದುಕೊಟ್ರು. ನಾನು? ನಾನು ಗೂಗಲ್ ಕೂಡ ಮಾಡ್ಲಿಲ್ಲ. "ವಯಸ್ಸಾಯ್ತಲ್ಲಮ್ಮ, ರೆಸ್ಟ್ ತಗೋ" ಅಂದೆ. ಆಗ ಅವಳಿಗೆ 46.

ಒಂದು ತಿಂಗಳು ಏನೂ ಇಲ್ಲ. ಆಮೇಲೆ ಮತ್ತೆ. ಆಮೇಲೆ ಎರಡು ತಿಂಗಳು ಬಿಟ್ಟು ಮತ್ತೆ.

ಈಗ ಇಯರ್‌ಫೋನ್ ವಿಷಯ. ಅಮ್ಮ ನನ್ನ ಎಲ್ಲ ಸಂಚಿಕೆನೂ ಕೇಳ್ತಾಳೆ. ಅದೇ ವರ್ಷ ಒಂದಿನ, "ಇದು ಎಡಗಡೆ ಕೆಟ್ಟೋಗದೆ ಕಣೋ, ಗುಂಯ್ ಅಂತದೆ, ನಿನ್ನ ಮಾತು ಹಂಡೆ ಒಳಗಿಂದ ಬಂದಂಗೆ ಬರ್ತದೆ" ಅಂದ್ಲು. ನಾನು ಹೊಸ ಇಯರ್‌ಫೋನ್ ತಂದುಕೊಟ್ಟೆ. ಹದಿನೈದು ದಿನಕ್ಕೆ ಅದೂ ಎಡಗಡೆ ಕೆಟ್ಟೋಯ್ತು ಅಂದ್ಲು. ಆನ್‌ಲೈನಲ್ಲಿ ಒಂದು ಸ್ಟಾರ್ ಕೊಟ್ಟು ರಿಟರ್ನ್ ಮಾಡ್ದೆ.

ಇಯರ್‌ಫೋನ್ ಕೆಟ್ಟಿರ್ಲಿಲ್ಲ. ಕಿವಿ ಕೆಡ್ತಾ ಇತ್ತು. ಸೌಂಡ್ ಎಡಿಟ್ ಮಾಡೋದೇ ಕೆಲಸ ಆಗಿರೋ ನನಗೆ ಅದು ಹೊಳೀಲಿಲ್ಲ.

ಮೂರು ಲೆಕ್ಕದ ಪುಸ್ತಕ

ತಲೆ ಸುತ್ತಿಗೂ ಕಿವಿಗೂ ಏನು ಸಂಬಂಧ ಅಂತ ಕೇಳ್ತೀರಾ. ನಾನೂ ಅದನ್ನೇ ಕೇಳ್ದೆ.

ನಾವು ನಿಂತಿದ್ದೀವಾ, ವಾಲಿದ್ದೀವಾ, ತಿರುಗ್ತಿದ್ದೀವಾ ಅಂತ ಮೆದುಳಿಗೆ ಮೂರು ಕಡೆಯಿಂದ ಮಾಹಿತಿ ಹೋಗುತ್ತೆ. ಒಂದು ಕಣ್ಣು. ಎರಡು, ಪಾದ, ಮಂಡಿ, ಕುತ್ತಿಗೆಯ ಸ್ನಾಯು ಮತ್ತು ಕೀಲುಗಳು. ಮೂರನೇದು ಒಳಕಿವಿ. ಅಕೌಂಟ್ಸ್ ಓದಿರೋರಿಗೆ ಸುಲಭವಾಗಿ ಅರ್ಥ ಆಗುತ್ತೆ. ಮೂರು ಬೇರೆ ಬೇರೆ ಪುಸ್ತಕ, ಮೂರರ ಲೆಕ್ಕನೂ ಪ್ರತಿ ಕ್ಷಣ ಟ್ಯಾಲಿ ಆಗ್ಬೇಕು. ಕಣ್ಣು "ಗೋಡೆ ನಿಂತಿದೆ" ಅಂತಿದೆ, ಪಾದ "ನೆಲದ ಮೇಲಿದ್ದೀನಿ" ಅಂತಿದೆ, ಕಿವಿ ಮಾತ್ರ "ನಾವು ಗಿರಗಿರ ತಿರುಗ್ತಿದ್ದೀವಿ" ಅಂತ ಸುಳ್ಳು ಎಂಟ್ರಿ ಹಾಕಿದ್ರೆ ಲೆಕ್ಕ ಕೂಡಲ್ಲ. ಆ ಗೊಂದಲವೇ ನಮಗೆ ತಲೆಸುತ್ತು, ವಾಕರಿಕೆ, ವಾಂತಿ ಆಗಿ ಕಾಣಿಸೋದು.

ಒಳಕಿವಿಯಲ್ಲಿ ಅರ್ಧ ಬಳೆ ಆಕಾರದ ಮೂರು ಪುಟ್ಟ ಕೊಳವೆಗಳಿವೆ. ಮೂರೂ ಬೇರೆ ಬೇರೆ ದಿಕ್ಕಿಗೆ. ಒಳಗೆ ಎಂಡೋಲಿಂಫ್ ಅನ್ನೋ ದ್ರವ. ತಲೆ ತಿರುಗಿಸಿದ್ರೆ ಆ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ, ಅದರಿಂದ ಅಲ್ಲಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಬಾಗುತ್ತವೆ, ಮೆದುಳಿಗೆ ಸುದ್ದಿ ಹೋಗುತ್ತೆ. ಚಿಕ್ಕವರಿದ್ದಾಗ ಕೈ ಕೈ ಹಿಡ್ಕೊಂಡು ಗಿರಗಿರ ತಿರುಗಿ ನಿಂತ್ರೆ ಮನೆಯೆಲ್ಲ ಸುತ್ತುತ್ತಿತ್ತಲ್ಲ? ನಾವು ನಿಂತರೂ ಆ ದ್ರವ ಇನ್ನೂ ಓಡ್ತಿರುತ್ತೆ, ಅದಕ್ಕೇ.

ಕೊಳವೆಗಳ ಬುಡದಲ್ಲಿ ಎರಡು ಸಣ್ಣ ಚೀಲಗಳಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ, ಅಂದ್ರೆ ಸುಣ್ಣದ ಕಲ್ಲಿನದೇ ಪದಾರ್ಥದ, ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳು. ಮೇಲೆ ಕೆಳಗೆ, ಹಿಂದೆ ಮುಂದೆ ಹೋಗೋದನ್ನ ಹೇಳೋದು ಇವು. ಲಿಫ್ಟಲ್ಲಿ ಕಣ್ಣು ಮುಚ್ಕೊಂಡಿದ್ರೂ ಮೇಲೆ ಹೋಗ್ತಿದ್ದೀವಿ ಅಂತ ಗೊತ್ತಾಗೋದು ಇವುಗಳಿಂದ.

ಮುಖ್ಯವಾದ ವಿಷಯ, ಕೇಳಿಸೋ ಭಾಗ ಮತ್ತು ಬ್ಯಾಲೆನ್ಸ್ ಭಾಗ ಒಳಕಿವಿಯಲ್ಲಿ ಅಕ್ಕಪಕ್ಕದ ಮನೆ. ಎಂಡೋಲಿಂಫ್ ಎರಡಕ್ಕೂ ಒಂದೇ. ಹಾಗಾಗಿ ದ್ರವದಲ್ಲಿ ತೊಂದರೆ ಆದ್ರೆ ತಲೆನೂ ಸುತ್ತುತ್ತೆ, ಕಿವಿನೂ ಮಂದ ಆಗುತ್ತೆ. ಅಮ್ಮನ ಬುಗುರಿ, ಅಮ್ಮನ ಇಯರ್‌ಫೋನ್, ಎರಡೂ ಒಂದೇ ಕಥೆ.

ಹಾಗಾದ್ರೆ ಯಾವ ವಯಸ್ಸು?

ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರ್ ಹತ್ರ ಹೋದಾಗ ಅವರು ಮೊದಲು ಕೇಳಿದ್ದು: "ನಿಮಗೆ ಕಣ್ಣು ಕತ್ತಲೆ ಬರುತ್ತಾ, ಇಲ್ಲ ಮನೆನೇ ಸುತ್ತುತ್ತಾ?" ಎರಡನೇದು: "ಮೊದಲ ಸಲ ಬಂದಾಗ ನಿಮ್ಮ ವಯಸ್ಸೆಷ್ಟು?"

ಮೊದಲ ಪ್ರಶ್ನೆ ಯಾಕೆ ಅಂದ್ರೆ, ನಾವು ಕನ್ನಡದಲ್ಲಿ ಎಲ್ಲದಕ್ಕೂ ತಲೆಸುತ್ತು ಅಂತೀವಿ. ಎದ್ದು ನಿಂತಾಗ ಕಣ್ಣು ಮಂಜಾಗೋದು, ಊಟ ಬಿಟ್ಟಾಗ ತಲೆ ಹಗುರ ಆಗೋದು, ಇವಕ್ಕೆ ಬಿಪಿ, ರಕ್ತಹೀನತೆ, ಶುಗರ್ ಇಂಥ ಕಾರಣ ಇರಬಹುದು. ಆದ್ರೆ ಸುತ್ತಲಿನ ವಸ್ತುಗಳೇ ಗಿರಗಿರ ಸುತ್ತೋದು ಬೇರೆ. ಅದು ಬ್ಯಾಲೆನ್ಸ್ ವ್ಯವಸ್ಥೆಯ ಕಡೆ ಬೆರಳು ಮಾಡುತ್ತೆ.

ಎರಡನೇ ಪ್ರಶ್ನೆಗೆ ಅಮ್ಮನಿಗೆ ಉತ್ತರ ಗೊತ್ತಿರ್ಲಿಲ್ಲ. ನಮ್ಮ ಅಪ್ಪ ಅಮ್ಮಂದಿರ ಪೀಳಿಗೆಯಲ್ಲಿ ಎಷ್ಟೋ ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದಿದ್ದೇ ವಯಸ್ಸು. ಡಾಕ್ಟರ್ ಬುದ್ಧಿವಂತರು, "ಆಗ ಊರಲ್ಲಿ ಏನು ನಡೀತಿತ್ತು ಹೇಳಿ" ಅಂದ್ರು. ಅಮ್ಮ ತಕ್ಷಣ, "ಹೊಸ ಹೈವೇ ಓಪನ್ ಆಯ್ತಲ್ಲ, ಮೋದಿ ಬಂದಿದ್ರಲ್ಲ, ಆ ಬೇಸಿಗೆ" ಅಂದ್ಲು. ಬೆಂಗಳೂರು–ಮೈಸೂರು ಹೈವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12. ಸಿಕ್ತಲ್ಲ ತಾರೀಖು!

ಡಾಕ್ಟರ್ ಹೇಳಿದ ಅನುಮಾನದ ಹೆಸರು ಮೆನಿಯೇರ್ ಕಾಯಿಲೆ. ಇದು ಯಾವ ವಯಸ್ಸಲ್ಲಾದ್ರೂ ಬರಬಹುದು. ಆದ್ರೆ ಸಾಮಾನ್ಯವಾಗಿ ಶುರುವಾಗೋದು 40ರಿಂದ 60ರ ನಡುವೆ. ಮಕ್ಕಳಲ್ಲಿ ತೀರಾ ಅಪರೂಪ.

ನಾನು ಅಲ್ಲೀತನಕ ಬ್ಯಾಲೆನ್ಸ್ ತಪ್ಪೋದು ಅಂದ್ರೆ ಎಪ್ಪತ್ತು ಎಂಬತ್ತರ ಅಜ್ಜ ಅಜ್ಜಿಯರ ವಿಷಯ ಅನ್ಕೊಂಡಿದ್ದೆ. ಅಲ್ಲ. ಇದು ಸಾಲ ತೀರಿಸ್ತಾ ಇರೋ, ಮಕ್ಕಳ ಮದುವೆ ಯೋಚಿಸ್ತಾ ಇರೋ ವಯಸ್ಸಿನ ಕಾಯಿಲೆ. ಅಂದ್ರೆ, ಈ ಪಾಡ್‌ಕಾಸ್ಟ್ ಕೇಳ್ತಿರೋ ನಿಮ್ಮಲ್ಲಿ ಹೆಚ್ಚಿನವರ ಅಪ್ಪ ಅಮ್ಮನ ವಯಸ್ಸು.

ನಮ್ಮ ಕಡೆ ಆ ವಯಸ್ಸಿನವರು ಏನು ಕೆಲಸ ಮಾಡ್ತಿದ್ದಾರೆ ನೋಡಿ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯೋ ಕಡೆ ಕುದಿಯೋ ನೀರಿನ ಮುಂದೆ ನಿಂತಿರ್ತಾರೆ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತಿರ್ತಾರೆ. ಕನಕಪುರದಲ್ಲಿ ಕಲ್ಲು ಕ್ವಾರಿಯಲ್ಲಿರ್ತಾರೆ. ಮಾಗಡಿಯಲ್ಲಿ ಮಾವಿನ ಮರ, ಹಲಸಿನ ಮರ ಹತ್ತಿರ್ತಾರೆ. ಎಲ್ಲರೂ ಟೂ ವೀಲರ್ ಓಡಿಸ್ತಾರೆ. ಇಂಥ ಜಾಗದಲ್ಲಿ ಹೇಳದೆ ಕೇಳದೆ ಜಗತ್ತು ಸುತ್ತೋಕೆ ಶುರುವಾದ್ರೆ ಕಾಯಿಲೆಗಿಂತ ಬೀಳೋದೇ ದೊಡ್ಡ ಅಪಾಯ.

ಎಷ್ಟು ಜನಕ್ಕಿದೆ? ಅಮೆರಿಕದಲ್ಲಿ ಕಿವಿ ಕಾಯಿಲೆಗಳ ಬಗ್ಗೆ ಕೆಲಸ ಮಾಡೋ ಅಲ್ಲಿನ ಸರ್ಕಾರಿ ಸಂಸ್ಥೆಯ ಅಂದಾಜು, ಆ ದೇಶದಲ್ಲಿ 6 ಲಕ್ಷ 15 ಸಾವಿರ ಜನ. ಪ್ರತಿ ವರ್ಷ ಹೊಸದಾಗಿ 45,500 ಜನ. ಐನೂರು ಚಿಲ್ಲರೆ ಜನಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ನಮ್ಮ ನಾಲ್ಕು ತಾಲೂಕಿನ ಜನಸಂಖ್ಯೆ ಸುಮಾರು 10.8 ಲಕ್ಷ. ಅದೇ ದರ ಹಾಕಿದ್ರೆ ಎರಡು ಸಾವಿರ ಜನ ಆಗ್ತಾರೆ. ಇದು ಎಣಿಸಿದ ಲೆಕ್ಕ ಅಲ್ಲ, ಪ್ರಮಾಣ ಅರ್ಥ ಆಗ್ಲಿ ಅಂತ ಗುಣಿಸಿ ನೋಡಿದ್ದು.

ವಯಸ್ಸಿನ ಜೊತೆ ಗಡಿಯಾರನೂ ನೋಡಿ

ನಲವತ್ತು ದಾಟಿದ ಎಲ್ಲರ ತಲೆಸುತ್ತೂ ಮೆನಿಯೇರ್ ಅಲ್ಲ. ಒಳಕಿವಿಯ ಬೇರೆ ಬೇರೆ ತೊಂದರೆಗಳಿಗೆ ಬೇರೆ ಬೇರೆ ವಯಸ್ಸು. ಅದಕ್ಕಿಂತ ಮುಖ್ಯ, ಒಂದೊಂದೂ ಎಷ್ಟು ಹೊತ್ತು ಇರುತ್ತೆ ಅನ್ನೋದು.

ಒಂದನೇದು, ಸೆಕೆಂಡುಗಳ ಲೆಕ್ಕದ್ದು. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದಾಗ, ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ತಲೆ ಎತ್ತಿದಾಗ ಗಿರ್ ಅಂತ ಸುತ್ತಿ ಒಂದು ನಿಮಿಷದೊಳಗೆ ನಿಲ್ಲುತ್ತೆ. ಇದರ ಹೆಸರು ಬಿಪಿಪಿವಿ. ಆಗಲೇ ಹೇಳಿದ ಸುಣ್ಣದ ಹರಳು ತನ್ನ ಜಾಗ ಬಿಟ್ಟು ಕೊಳವೆಯೊಳಗೆ ಜಾರಿರುತ್ತೆ. ಒಳಕಿವಿಯಿಂದ ಬರೋ ತಲೆಸುತ್ತಿನಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಚಿಕ್ಕ ವಯಸ್ಸಲ್ಲಿ ಬಂದ್ರೆ ಹಲವು ಸಲ ತಲೆಗೆ ಪೆಟ್ಟು ಬಿದ್ದಿರುತ್ತೆ. ಬೈಕಿಂದ ಬಿದ್ದೋರು ಇದನ್ನ ನೆನಪಿಟ್ಕೊಳ್ಳಿ. ಒಳ್ಳೇ ಸುದ್ದಿ ಅಂದ್ರೆ ಇದಕ್ಕೆ ಹೆಚ್ಚಾಗಿ ಮಾತ್ರೆನೇ ಬೇಡ. ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನ ವಾಪಸ್ ಜಾಗಕ್ಕೆ ಜಾರಿಸೋ ವಿಧಾನ ಇದೆ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ ಕಂಡುಹಿಡಿದದ್ದರಿಂದ ಎಪ್ಲಿ ವಿಧಾನ ಅಂತಾರೆ. ಯೂಟ್ಯೂಬ್ ನೋಡಿ ಅಮ್ಮನ ಕುತ್ತಿಗೆ ತಿರುಗಿಸೋಕೆ ಹೋಗ್ಬೇಡಿ. ಯಾವ ಕಿವಿ, ಯಾವ ಕೊಳವೆ ಅಂತ ಮೊದಲು ಡಾಕ್ಟರ್ ಪರೀಕ್ಷೆ ಮಾಡ್ಬೇಕು.

ಎರಡನೇದು, ಗಂಟೆಗಳ ಲೆಕ್ಕದ್ದು. ಅದೇ ಮೆನಿಯೇರ್. 2015ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ಮಾನದಂಡದ ಪ್ರಕಾರ, ತಾನಾಗೇ ಬರೋ ಸುತ್ತು ಕನಿಷ್ಠ ಎರಡು ಸಲ ಬಂದಿರಬೇಕು, ಪ್ರತಿ ಸಲ 20 ನಿಮಿಷದಿಂದ 12 ಗಂಟೆವರೆಗೆ ಇರಬೇಕು. ಒಂದು ಕಿವಿಯಲ್ಲಿ ಗುಂಯ್ ಸದ್ದು, ತುಂಬಿದಂತೆ ಬಿಗಿತ, ಇಲ್ಲವೇ ಏರಿಳಿತ ಆಗೋ ಕೇಳಿಸುವಿಕೆ ಇರಬೇಕು. ಜೊತೆಗೆ ಆಡಿಯೋಮೆಟ್ರಿ ಪರೀಕ್ಷೆಯಲ್ಲಿ ಆ ಕಿವಿಗೆ ಕೆಳ ಮತ್ತು ಮಧ್ಯಮ ಶ್ರುತಿಯ ಸದ್ದು ಕಮ್ಮಿ ಕೇಳ್ತಿದೆ ಅಂತ ದಾಖಲಾಗಬೇಕು. ಕೆಳ ಶ್ರುತಿ ಅಂದ್ರೆ ದಪ್ಪ ದನಿ. ನಮ್ಮಪ್ಪ ಎಡಗಡೆಯಿಂದ ಮಾತಾಡಿದ್ರೆ ಅಮ್ಮನಿಗೆ ಕೇಳ್ತಿರ್ಲಿಲ್ಲ. "ಬೇಕಂತ ಕಿವುಡಿ ಥರ ಆಡ್ತಾಳೆ" ಅಂತ ಮನೇಲಿ ಎಲ್ಲ ತಮಾಷೆ ಮಾಡಿದ್ದೇ ಮಾಡಿದ್ದು.

ಮೂರನೇದು, ದಿನಗಳ ಲೆಕ್ಕದ್ದು. ಬ್ಯಾಲೆನ್ಸ್ ನರಕ್ಕೆ ಊತ ಬಂದ್ರೆ, ಹೆಚ್ಚಾಗಿ ವೈರಸ್‌ನಿಂದ ಅಂತ ನಂಬಲಾಗಿದೆ, ಒಂದೆರಡು ದಿನ ಮೇಲೇಳೋಕೂ ಆಗದಷ್ಟು ಸುತ್ತಿ ಆಮೇಲೆ ನಿಧಾನಕ್ಕೆ ಕಮ್ಮಿ ಆಗುತ್ತೆ. ಇದರಲ್ಲಿ ಸಾಮಾನ್ಯವಾಗಿ ಕಿವಿ ಕೇಳಿಸೋದು ಚೆನ್ನಾಗೇ ಇರುತ್ತೆ.

ನಾಲ್ಕನೇದು ನಿಮಗೆ, ಅಂದ್ರೆ ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ. ನಿಮಗೆ ಪದೇ ಪದೇ ಸುತ್ತು ಬರ್ತಿದ್ರೆ, ಜೊತೆಗೆ ಅರೆತಲೆನೋವು, ಬೆಳಕು ಸದ್ದು ಸಹಿಸೋಕೆ ಆಗದಿರೋದು ಇದ್ರೆ, ಡಾಕ್ಟರ್ ಮೊದಲು ಯೋಚಿಸೋದು ಮೈಗ್ರೇನ್ ತಲೆಸುತ್ತಿನ ಬಗ್ಗೆ. ಇದು ಯಾವ ವಯಸ್ಸಲ್ಲೂ ಬರಬಹುದು, ಹೆಂಗಸರಲ್ಲಿ ಹೆಚ್ಚು, ಐದು ನಿಮಿಷದಿಂದ ಮೂರು ದಿನದವರೆಗೂ ಇರಬಹುದು. ಕೆಲವರಿಗೆ ಮೈಗ್ರೇನೂ ಮೆನಿಯೇರೂ ಎರಡೂ ಇರುತ್ತವೆ, ಬೇರೆ ಮಾಡೋದು ಕಷ್ಟ. ಹಾಗಾಗಿ ವಯಸ್ಸು ಒಂದು ಸುಳಿವು ಮಾತ್ರ, ತೀರ್ಪಲ್ಲ. ನಿಮಗೆ 25 ಅಂತ ಮೆನಿಯೇರ್ ಬರಲ್ಲ ಅಂತಲ್ಲ, ಅಮ್ಮನಿಗೆ 48 ಅಂತ ಅದೇ ಅಂತಲೂ ಅಲ್ಲ.

ಚಂದ್ರನ ಮೇಲೆ ನಡೆದವನ ಎಡಗಿವಿ

ಈ ಕಾಯಿಲೆಗೆ ಹೆಸರು ಬಂದಿದ್ದು ಪ್ರಾಸ್ಪರ್ ಮೆನಿಯೇರ್ ಅನ್ನೋ ಫ್ರೆಂಚ್ ವೈದ್ಯರಿಂದ. ಪ್ಯಾರಿಸ್ಸಿನಲ್ಲಿ ಕಿವುಡ ಮಕ್ಕಳ ಸಂಸ್ಥೆಯೊಂದರಲ್ಲಿ ವೈದ್ಯರಾಗಿದ್ರು. ಆ ಕಾಲದಲ್ಲಿ ಹಿಂಗೆ ಸುತ್ತಿ ಬಿದ್ದವರನ್ನ ನೋಡಿ ಮೆದುಳಿಗೆ ರಕ್ತ ನುಗ್ಗಿದೆ ಅಂತಿದ್ರು ವೈದ್ಯರು. 1861ರಲ್ಲಿ ಮೆನಿಯೇರ್ ಎದ್ದು ನಿಂತು, ಇದು ಮೆದುಳಲ್ಲ, ಒಳಕಿವಿ ಅಂದ್ರು. ಮುಂದಿನ ವರ್ಷವೇ ತೀರಿಕೊಂಡ್ರು. ಒಳಕಿವಿಯಲ್ಲಿ ಎಂಡೋಲಿಂಫ್ ಹೆಚ್ಚಾಗಿ ಪೊರೆಗಳು ಉಬ್ಬಿರೋದನ್ನ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು 1938ರಲ್ಲಿ, ಇಂಗ್ಲೆಂಡಲ್ಲೂ ಜಪಾನಲ್ಲೂ ಒಂದೇ ವರ್ಷ. ಆ ದ್ರವ ಯಾಕೆ ಹೆಚ್ಚಾಗುತ್ತೆ, ನಲವತ್ತರ ನಂತರವೇ ಯಾಕೆ ಅನ್ನೋದಕ್ಕೆ ವಿಜ್ಞಾನದ ಹತ್ರ ಇವತ್ತಿಗೂ ಒಂದೇ ಸಾಲಿನ ಉತ್ತರ ಇಲ್ಲ.

ಅಮ್ಮನಿಗೆ ಧೈರ್ಯ ಕೊಡೋಕೆ ನಾನು ಹೇಳಿದ ಕಥೆ ಅಲನ್ ಶೆಪರ್ಡ್‌ದು. 1961ರ ಮೇನಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್. ಎರಡು ವರ್ಷಕ್ಕೆ, ನಲವತ್ತರ ಹೊಸ್ತಿಲಲ್ಲಿ, ಸುತ್ತು ಶುರುವಾಯ್ತು. ಎಡಗಿವಿಯ ಮೆನಿಯೇರ್. ವಿಮಾನ ಓಡಿಸೋದಕ್ಕೂ ಬ್ರೇಕ್ ಬಿತ್ತು, ವರ್ಷಗಟ್ಟಲೆ ಆಫೀಸ್ ಕೆಲಸ. ಆಮೇಲೆ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಅನ್ನೋ ಕಿವಿ ಸರ್ಜನ್ ಹತ್ರ ಗುಟ್ಟಾಗಿ, ಬೇರೆ ಹೆಸರಲ್ಲಿ ಆಪರೇಷನ್ ಮಾಡಿಸ್ಕೊಂಡ್ರು. 1969ರ ಮೇನಲ್ಲಿ ಮತ್ತೆ ಹಾರೋಕೆ ಅನುಮತಿ ಸಿಕ್ತು. 1971ರ ಫೆಬ್ರವರಿಯಲ್ಲಿ ಅಪೊಲೊ 14ರಲ್ಲಿ ಹೋಗಿ ಚಂದ್ರನ ಮೇಲೆ ನಡೆದ್ರು, ಗಾಲ್ಫ್ ಚೆಂಡೂ ಹೊಡೆದ್ರು. ಆಗ ಅವರಿಗೆ 47. ಹಾಗಂತ ಆ ಆಪರೇಷನ್ ಎಲ್ಲರಿಗೂ ಬೇಕು, ಎಲ್ಲರಿಗೂ ಫಲ ಕೊಡುತ್ತೆ ಅಂತಲ್ಲ. ಅದರ ಬಗ್ಗೆ ವೈದ್ಯರಲ್ಲೇ ಈಗಲೂ ಭಿನ್ನಾಭಿಪ್ರಾಯ ಇದೆ.

ಕಥೆ ಕೇಳಿ ಅಮ್ಮ, "ಅವನಿಗೆ ಎಡಗಿವಿನೇನಾ?" ಅಂತ ಕೇಳಿದ್ಲು. ಹೂಂ ಅಂದೆ. ಸ್ವಲ್ಪ ಖುಷಿ ಆದಂಗಿತ್ತು.

ಉಪ್ಸಾರಿಗೆ ಉಪ್ಪು ಕಮ್ಮಿ

ಮೆನಿಯೇರ್ ಪೂರ್ತಿ ವಾಸಿ ಮಾಡೋ ಮಾತ್ರೆ ಇಲ್ಲ. ಆದ್ರೆ ಹತೋಟಿಗೆ ತರೋ ದಾರಿಗಳಿವೆ. ಹಲವರಿಗೆ ವರ್ಷಗಳು ಕಳೆದ ಹಾಗೆ ಸುತ್ತು ಕಮ್ಮಿ ಆಗುತ್ತೆ. ಕಮ್ಮಿ ಆಗದೆ ಉಳಿಯೋದು ಕಿವಿಯ ಮಂದತನ. ಅದಕ್ಕೇ ಬೇಗ ಗೊತ್ತಾಗಬೇಕು ಅನ್ನೋದು.

ಡಾಕ್ಟರ್ ಮೊದಲು ಹೇಳಿದ್ದು ಉಪ್ಪು ಕಮ್ಮಿ ಮಾಡಿ ಅಂತ. ನಮ್ಮ ಕಡೆಯೋರಿಗೆ ಇದೊಂದು ಶಿಕ್ಷೆ. ಉಪ್ಸಾರು ಮುದ್ದೆ ತಿನ್ನೋ ಮನೆಗೆ ಉಪ್ಪು ಬಿಡಿ ಅಂದ್ರೆ ಏನು ಉಳೀತು! ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳೋದೇ ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಹತ್ತತ್ರ ಒಂದು ಟೀ ಚಮಚ. ಅಮ್ಮ ಉಪ್ಸಾರು ಬಿಟ್ಟಿಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಬಿಟ್ಟಿದ್ದಾಳೆ. ಖಾರದ ಉಂಡೆಗೆ ಬೆಳ್ಳುಳ್ಳಿ, ಹುಣಸೆ ಜಾಸ್ತಿ, ಉಪ್ಪು ಅರ್ಧ. ಬಿಪಿಗೂ ಒಳ್ಳೇದೇ ಆಯ್ತು.

ಮಾತ್ರೆ ಬಗ್ಗೆ ಎರಡು ಮಾತು. ಸುತ್ತು ಬಂದ ಹೊತ್ತಿಗೆ ವಾಂತಿ, ಸುತ್ತು ತಡೆಯೋ ಮಾತ್ರೆ ಇದೆಯಲ್ಲ, ಅದು ಆ ಹೊತ್ತಿಗೆ ಮಾತ್ರ. ತಿಂಗಳುಗಟ್ಟಲೆ ಮೆಡಿಕಲ್ ಸ್ಟೋರಿಂದ ಚೀಟಿ ಇಲ್ಲದೆ ತಂದು ನುಂಗಿದ್ರೆ, ಮೆದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳೋದೇ ತಡ ಆಗುತ್ತೆ. ಅಮ್ಮ ಒಂದೂವರೆ ವರ್ಷ ಮಾಡಿದ್ದು ಇದನ್ನೇ. ಇನ್ನು ಮೆನಿಯೇರ್‌ಗೆ ಹೆಚ್ಚಾಗಿ ಬರೆಯೋ ಬೀಟಾಹಿಸ್ಟೀನ್ ಬಗ್ಗೆ 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಔಷಧಿ ತಗೊಂಡೋರಿಗೂ ಔಷಧಿಯಿಲ್ಲದ ಹುಸಿಮಾತ್ರೆ ತಗೊಂಡೋರಿಗೂ ಸುತ್ತು ಒಂದೇ ಥರ ಕಮ್ಮಿ ಆಯ್ತು. ಹಾಗಂತ ನೀವೇ ನಿಲ್ಲಿಸಬೇಡಿ, ನಿಮ್ಮ ಡಾಕ್ಟರ್ ಹತ್ರ ಮಾತಾಡಿ. ಸುತ್ತು ತೀರಾ ಹೆಚ್ಚಿದ್ರೆ ಕಿವಿತಮಟೆ ಮೂಲಕ ಇಂಜೆಕ್ಷನ್ ಕೊಡೋ ಚಿಕಿತ್ಸೆನೂ ಇದೆ. ಒಂದೇ ಕಿವಿ ಮಂದ ಆದಾಗ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡೋಕೆ ಎಂಆರ್‌ಐ ಮಾಡಿಸಿ ಅನ್ನಬಹುದು. ಹೆದರಬೇಡಿ.

ಪರೀಕ್ಷೆ ಎಲ್ಲಿ? ಇಎನ್‌ಟಿ ಡಾಕ್ಟರ್ ಜೊತೆ ಆಡಿಯೋಮೆಟ್ರಿ ಇರೋ ಕಡೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ದೇಶದಲ್ಲೇ ಹೆಸರಾದ ಜಾಗ. ಚನ್ನಪಟ್ಟಣದಿಂದ ಸುಮಾರು 80 ಕಿಲೋಮೀಟರ್, ರೈಲಿದೆ. ನಾವು ಹಬ್ಬಕ್ಕೆ, ದಸರಾಕ್ಕೆ ಮೈಸೂರಿಗೆ ಹೋಗ್ತೀವಿ. ಇಂಥದ್ದೊಂದು ಅಲ್ಲಿದೆ ಅಂತ ನನಗೆ ಇಪ್ಪತ್ತೆಂಟು ವರ್ಷ ಗೊತ್ತಿರ್ಲಿಲ್ಲ.

ನಿಮ್ಮ ಫೋನ್ ಮಾಡಬಹುದಾದ ಕೆಲಸ

ಡಾಕ್ಟರ್ ಹತ್ರ ಹೋದಾಗ ಸುತ್ತು ಇರಲ್ಲ. ಅದೇ ದೊಡ್ಡ ಸಮಸ್ಯೆ. ಹಾಗಾಗಿ ಸಾಕ್ಷಿ ನೀವು ಕೊಂಡೊಯ್ಯಬೇಕು.

ಒಂದು, ಡೇ ಬುಕ್ ಬರೀರಿ. ನೋಟ್ಸ್ ಆಪ್ ಸಾಕು. ತಾರೀಖು, ಶುರುವಾದ ಸಮಯ, ನಿಂತ ಸಮಯ, ಯಾವ ಕಿವಿ ಗುಂಯ್ ಅಂತು, ತಲೆನೋವಿತ್ತಾ, ಆಗ ಏನ್ ಮಾಡ್ತಿದ್ರು. ಸುತ್ತು ಇಪ್ಪತ್ತು ಸೆಕೆಂಡೋ ಎರಡು ಗಂಟೆಯೋ ಅನ್ನೋದರಲ್ಲೇ ಅರ್ಧ ಉತ್ತರ ಇದೆ.

ಎರಡು, ಸುತ್ತು ಬಂದಾಗ ಅವರ ಕಣ್ಣಿನ ಹತ್ತಿರದ ವಿಡಿಯೋ ಮಾಡಿ, ಹತ್ತು ಹದಿನೈದು ಸೆಕೆಂಡ್. ಒಳಕಿವಿ ಕೆರಳಿದಾಗ ಕಣ್ಣುಗುಡ್ಡೆ ತಾನಾಗೇ ಒಂದು ಕಡೆಗೆ ಜಗ್ಗುತ್ತೆ. ಅದರ ದಿಕ್ಕು ನೋಡಿಯೇ ಡಾಕ್ಟರ್‌ಗೆ ಎಷ್ಟೋ ಗೊತ್ತಾಗುತ್ತೆ. ಮೊದಲು ಅವರನ್ನ ಮಲಗಿಸಿ, ಆಮೇಲೆ ಕ್ಯಾಮೆರಾ.

ಮೂರು, ಗಮನಿಸಿ. ಫೋನ್ ಬಂದ್ರೆ ಅಪ್ಪ ಇದ್ದಕ್ಕಿದ್ದಂಗೆ ಬೇರೆ ಕಿವಿಗೆ ಇಡೋಕೆ ಶುರು ಮಾಡಿದ್ರಾ? ಒಂದು ಕಡೆಯಿಂದ ಕರೆದ್ರೆ ತಿರುಗಲ್ವಾ? ಇಯರ್‌ಫೋನ್ ಒಂದೇ ಕಡೆ ಪದೇ ಪದೇ "ಕೆಡ್ತಾ" ಇದ್ಯಾ?

ಇನ್ನು ಎರಡು ಸಂದರ್ಭದಲ್ಲಿ ಡೇ ಬುಕ್ ಬರೀತಾ ಕೂರಬೇಡಿ. ಸುತ್ತಿನ ಜೊತೆ ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ, ಕೈಕಾಲು ಬಲ ಕಮ್ಮಿಯಾದ್ರೆ, ಒಂದು ಎರಡಾಗಿ ಕಂಡ್ರೆ, ಹಿಂದೆಂದೂ ಬರದಂಥ ತಲೆನೋವಿದ್ರೆ, ಹಿಡ್ಕೊಂಡ್ರೂ ನಿಲ್ಲೋಕಾಗದಿದ್ರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108. ಹಾಗೇ, ಒಂದು ಕಿವಿ ಎರಡು ಮೂರು ದಿನದೊಳಗೆ ಇದ್ದಕ್ಕಿದ್ದಂತೆ ಕೇಳಿಸದೇ ಹೋದ್ರೆ ಮೇಣ ಕಟ್ಟಿದೆ ಅಂತ ಎಣ್ಣೆ ಬಿಟ್ಕೊಂಡು ಕಾಯಬೇಡಿ. ಅದೇ ದಿನ ಇಎನ್‌ಟಿ ಹತ್ರ ಹೋಗಿ, ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಶುರುವಾಗಬೇಕು.

ಕೊನೆಗೆ

ಅಮ್ಮನ ಎಡಗಿವಿ ಪೂರ್ತಿ ವಾಪಸ್ ಬಂದಿಲ್ಲ. ಬರಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದ್ದಾರೆ. ಮೊದಲೇ ಬಂದಿದ್ರೆ ಎಷ್ಟು ಉಳೀತಿತ್ತು ಅಂತ ಯಾರೂ ಗ್ಯಾರಂಟಿ ಕೊಡಲ್ಲ, ನಾನೂ ಆ ಲೆಕ್ಕ ಹಾಕೋದು ಬಿಟ್ಟಿದ್ದೀನಿ. ಈಗ ಸುತ್ತು ಬರೋದು ಕಮ್ಮಿ ಆಗಿದೆ. ಬರೋ ಮುಂಚೆ ಎಡಗಿವಿ ಬಿಗಿಯುತ್ತೆ, ಅದು ಅವಳಿಗೆ ಗೊತ್ತಾಗುತ್ತೆ. ಲೇತ್ ಆಫ್ ಮಾಡಿ ಚಾಪೆ ಹಾಕ್ಕೊಂಡು ಮಲಗ್ತಾಳೆ. ಜೊತೆಗೆ ಕೆಲಸ ಮಾಡೋರಿಗೆಲ್ಲ ಹೇಳಿಟ್ಟಿದ್ದಾಳೆ, ನಾನು ಮಲಗಿದ್ರೆ ಗಾಬರಿ ಆಗ್ಬೇಡಿ, ಮೆಷಿನ್ ಮಾತ್ರ ಆಫ್ ಆಗಿದ್ಯಾ ನೋಡಿ ಅಂತ.

ಈ ಸಂಚಿಕೆನ ಮೊದಲು ಕೇಳಿದ್ದು ಅವಳೇ, ಬಲಗಿವಿಗೆ ಇಟ್ಕೊಂಡು. ಕೇಳಿ ಮುಗಿಸಿ ಒಂದೇ ತಕರಾರು: "ನಲವತ್ತಾರು ಅಂತ ಯಾಕೋ ಹೇಳ್ದೆ? ಮೇಷ್ಟ್ರು ಒಂದು ವರ್ಷ ಜಾಸ್ತಿ ಬರೆದಿದ್ರು." ಸರಿ, 45 ಅಂತ ತಿದ್ದಿಕೊಳ್ಳಿ.

ಇವತ್ತು ಮನೆಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ. "ಅಮ್ಮ, ತಲೆ ಸುತ್ತುತ್ತೆ ಅಂತಿದ್ಯಲ್ಲ, ಕಣ್ಣು ಕತ್ತಲೆ ಬರುತ್ತಾ, ಇಲ್ಲ ಮನೆ ಸುತ್ತುತ್ತಾ? ಎಷ್ಟು ಹೊತ್ತು?" ಅವರು ಹೇಳೋದನ್ನ ಬರೆದಿಟ್ಕೊಳ್ಳಿ. ವಯಸ್ಸಾಯ್ತು ಅಂತ ಮಾತ್ರ ಹೇಳ್ಬೇಡಿ.